ಪ್ರಮಾದವೂ ನಿಯಮವೂ: ನಡುವಯಸ್ಸಿನ ಶ್ರಾವಕರಿಗೊಂದು ಪಾಠ



“ಮಗಳ ಮದುವೆಯೊಂದಾಗಲಿ, ಆಮೇಲೆ ಸ್ವಾಧ್ಯಾಯಕ್ಕೆ ಕೂರುತ್ತೇನೆ.” “ಮನೆಯ ಸಾಲ ತೀರಲಿ, ಅಷ್ಟಮಿ ಚತುರ್ದಶಿಗಳನ್ನು ಹಿಡಿಯುತ್ತೇನೆ.” “ನಿವೃತ್ತಿಯಾದ ಮೇಲೆ ಇರುವುದೆಲ್ಲ ಧರ್ಮಕಾರ್ಯವೇ.” ಲಕ್ಷ್ಮೀಪುರಂನ ನಮ್ಮ ಬೀದಿಗಳಲ್ಲಿ ಮುಂಜಾನೆ ನಡೆಯುವಾಗ, ನಲವತ್ತೈದು ಐವತ್ತೈದರ ನಡುವಿನ ಶ್ರಾವಕ ಮಿತ್ರರಿಂದ ಇಂತಹ ಮಾತುಗಳನ್ನು ಕೇಳುತ್ತಿರುತ್ತೇನೆ. ಅವರನ್ನು ಆಕ್ಷೇಪಿಸಲು ನನಗೆ ಬಾಯಿ ಬಾರದು. ಆ ವಯಸ್ಸಿನಲ್ಲಿ ನಾನೂ ಅದನ್ನೇ ಆಡಿದವನು. ಅದರಿಂದ ನನಗಾದ ನಷ್ಟವನ್ನು ಮುಂದೆ ಹೇಳುತ್ತೇನೆ. ಮೊದಲು ಶಾಸ್ತ್ರವು ಈ ದೋಷವನ್ನು ಹೇಗೆ ಗುರುತಿಸಿದೆಯೆಂಬುದನ್ನು ನೋಡೋಣ.

ಪ್ರಮಾದದ ಸ್ವರೂಪ

ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದ ಮೊದಲ ಸೂತ್ರದಲ್ಲಿ ಕರ್ಮಬಂಧಕ್ಕೆ ಐದು ಕಾರಣಗಳನ್ನು ಹೇಳಿದೆ: ಮಿಥ್ಯಾದರ್ಶನ, ಅವಿರತಿ, ಪ್ರಮಾದ, ಕಷಾಯ ಮತ್ತು ಯೋಗ. ಇವುಗಳ ನಡುವಿನದಾದ ಪ್ರಮಾದವನ್ನು ನಾವು ಸಾಮಾನ್ಯವಾಗಿ ಸೋಮಾರಿತನವೆಂದು ತಿಳಿಯುತ್ತೇವೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟಿರುವ ಅರ್ಥವು ಇನ್ನೂ ಸೂಕ್ಷ್ಮವಾದುದು. ಒಳಿತಾದ ಕಾರ್ಯಗಳಲ್ಲಿ ಆದರವಿಲ್ಲದಿರುವುದೇ ಅವರ ಮತದಲ್ಲಿ ಪ್ರಮಾದ. ಹಾಗಾದರೆ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದೆ ದುಡಿಯುವವನೂ ಪ್ರಮಾದಿಯಾಗಿರಬಲ್ಲನು.

ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ಮಾಡಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಪ್ರಮಾದಗಳನ್ನು 15 ಎಂದು ಎಣಿಸಿದ್ದಾರೆ. ವಿಕಥೆಗಳು ನಾಲ್ಕು, ಕಷಾಯಗಳು ನಾಲ್ಕು, ಇಂದ್ರಿಯಗಳು ಐದು, ನಿದ್ರೆ ಒಂದು, ಸ್ನೇಹ ಒಂದು. ಸ್ತ್ರೀಕಥೆ, ಭೋಜನಕಥೆ, ರಾಷ್ಟ್ರಕಥೆ, ರಾಜಕಥೆಗಳೇ ನಾಲ್ಕು ವಿಕಥೆಗಳು. ಇಂದು ಈ ನಾಲ್ಕೂ ನಮ್ಮ ಅಂಗೈಯ ಮೊಬೈಲಿನಲ್ಲಿ ಒಟ್ಟಿಗೆ ವಾಸಮಾಡುತ್ತಿವೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ನಡುವಯಸ್ಸಿನವರನ್ನು ಹೆಚ್ಚಾಗಿ ಹಿಡಿಯುವುದು ಕೊನೆಯದಾದ ಸ್ನೇಹ, ಅಂದರೆ ಮಮತೆ. “ಮಕ್ಕಳಿಗಾಗಿ, ಮನೆಗಾಗಿ” ಎಂದು ಹೇಳಿಕೊಂಡಾಗ ಮುಂದೂಡಿಕೆಯು ದೋಷವಾಗಿ ಕಾಣದೆ ಕರ್ತವ್ಯದಂತೆ ಕಾಣುತ್ತದೆ.

ಆಯುಸ್ಸಿನ ಲೆಕ್ಕ

ಆದಿತೀರ್ಥಂಕರನ ಚರಿತೆಯನ್ನು ನೆನೆಯಿರಿ. ವೃಷಭದೇವನ ಆಯುಸ್ಸು 84 ಲಕ್ಷ ಪೂರ್ವ. ಕುಮಾರಕಾಲದಲ್ಲಿ 20 ಲಕ್ಷ, ರಾಜ್ಯಭಾರದಲ್ಲಿ 63 ಲಕ್ಷ ಪೂರ್ವಗಳು ಕಳೆದು, ಒಂದೇ ಲಕ್ಷ ಪೂರ್ವ ಉಳಿದಾಗ ದೇವೇಂದ್ರನು ಆಯುಸ್ಸು ಮುಗಿಯುತ್ತಿದ್ದ ನೀಲಾಂಜನೆಯನ್ನು ನರ್ತನಕ್ಕೆ ಕಳುಹಿಸಿದನು. ಆಕೆ ನರ್ತಿಸುತ್ತಲೇ ಮರೆಯಾದಳು. ಇಂದ್ರನು ಒಡನೆಯೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸಲು ಸಭೆಯು ಏನನ್ನೂ ಅರಿಯಲಿಲ್ಲ, ಸ್ವಾಮಿಯೊಬ್ಬನೇ ಅರಿತನು. ಕ್ರಿ.ಶ. 902ರಲ್ಲಿ ಜನಿಸಿದ ಮಹಾಕವಿ ಪಂಪನು ಈ ಕಥೆಯನ್ನು ತನ್ನ ಆದಿಪುರಾಣದಲ್ಲಿ ಕನ್ನಡಿಗರಿಗೆ ಕೊಟ್ಟದ್ದು 941ರಲ್ಲಿ, ತನ್ನ ಮೂವತ್ತೊಂಬತ್ತರ ವಯಸ್ಸಿನಲ್ಲಿ. ನಮ್ಮ ದಿನಗಳೂ ನೀಲಾಂಜನೆಯಂತೆಯೇ. ಒಂದು ದಿನ ಹೋದ ಸ್ಥಳದಲ್ಲಿ ಅದರಂತೆಯೇ ಇರುವ ಇನ್ನೊಂದು ಬಂದು ನಿಲ್ಲುವುದರಿಂದ ಹೋದದ್ದು ನಮಗೆ ತಿಳಿಯುವುದಿಲ್ಲ.

ಇನ್ನು ನಮ್ಮ ಲೆಕ್ಕ. ಐವತ್ತು ವಯಸ್ಸಿನವರೊಬ್ಬರು ಎಪ್ಪತ್ತರವರೆಗೆ ಬಾಳುವರೆಂದು ಭಾವಿಸೋಣ. ಅವರಿಗೆ ಉಳಿದಿರುವ ದಶಲಕ್ಷಣ ಪರ್ವಗಳು 20. ದಿನಗಳಲ್ಲಿ 200 ಮಾತ್ರ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವು 1981, 1993, 2006 ಮತ್ತು 2018ರಲ್ಲಿ ನಡೆಯಿತು. ಆ ಕ್ರಮದಂತೆ ನಡೆದರೆ ಅವರು ಕಾಣಬಹುದಾದವು ಒಂದೋ ಎರಡೋ. ಎಪ್ಪತ್ತರ ಭರವಸೆಯನ್ನಾದರೂ ಕೊಟ್ಟವರಾರು?

ಒಂದು ಉದ್ಯಾಪನೆ

ನನ್ನ ತಾಯಿಯವರು ಅನಂತವ್ರತವನ್ನು ಹಿಡಿದಿದ್ದರು. ಹದಿನಾಲ್ಕು ವರ್ಷಗಳು 2004ರ ಭಾದ್ರಪದ ಶುಕ್ಲ ಚತುರ್ದಶಿಗೆ ಪೂರ್ಣವಾದವು. ಉದ್ಯಾಪನೆಯನ್ನು ಮಾಡಿಸಬೇಕಾದವನು ನಾನು. ನೆಂಟರಿಷ್ಟರನ್ನೆಲ್ಲ ಕರೆದು ವಿಜೃಂಭಣೆಯಿಂದ ಮಾಡಬೇಕೆಂಬ ಆಸೆಯಿತ್ತು. ಆ ವರ್ಷ ಕೈಯಲ್ಲಿ ಹಣವಿರಲಿಲ್ಲ. ಮರುವರ್ಷ ಮನೆಯ ದುರಸ್ತಿ ಬಂತು. ಆಮೇಲೆ, 2006ರ ಮಹಾಮಸ್ತಕಾಭಿಷೇಕದ ಯಾತ್ರೆ ಮುಗಿಯಲಿ ಎಂದೆ. ಅನಂತರ ಮಗಳ ವಿದ್ಯಾಭ್ಯಾಸ. ತಾಯಿಯವರು ಒಮ್ಮೆಯೂ ನೆನಪಿಸಲಿಲ್ಲ. ಪ್ರತಿ ಭಾದ್ರಪದದಲ್ಲಿಯೂ ಮೊದಲಿನಂತೆಯೇ ಉಪವಾಸವಿರುತ್ತಿದ್ದರು. ಅದು ಅಭ್ಯಾಸಬಲವೆಂದು ನಾನು ತಿಳಿದೆ. 2009ರ ಆಷಾಢದಲ್ಲಿ, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರ ಪೆಟ್ಟಿಗೆಯಲ್ಲಿ ವ್ರತವಿಧಾನದ ಹಳೆಯ ಪುಸ್ತಕವಿತ್ತು. ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸತಕ್ಕದ್ದೆಂಬ ವಿಧಿಯ ಪಕ್ಕದಲ್ಲಿ ಪೆನ್ಸಿಲಿನ ಗೆರೆ. ಕೆಳಗೆ 15, 16, 17, 18 ಎಂಬ ಅಂಕಿಗಳು. ಮಗನಿಗೆ ತೊಂದರೆ ಕೊಡಬಾರದೆಂದು ಆ ವಯಸ್ಸಿನಲ್ಲಿ ಇಪ್ಪತ್ತೆಂಟು ವರ್ಷಗಳ ವ್ರತವನ್ನು ಅವರು ಮನಸ್ಸಿನಲ್ಲಿಯೇ ಹೊತ್ತುಕೊಂಡಿದ್ದರು. ಸೂತಕ ಕಳೆದ ಮೇಲೆ, ಆ ಭಾದ್ರಪದದಲ್ಲಿಯೇ ಉದ್ಯಾಪನೆಯನ್ನು ಮಾಡಿಸಿದೆ. ನಾಲ್ಕು ಜನ ಸೇರಿ ಒಂದು ಬೆಳಗಿನಲ್ಲಿ ಮುಗಿಯಿತು. ಐದು ವರ್ಷ ಬೆಟ್ಟವಾಗಿ ಕಂಡ ಕೆಲಸ ಅಷ್ಟೇ ಇತ್ತು! ಅವರ ವ್ರತದಲ್ಲಿ ಕೊರತೆಯಿರಲಿಲ್ಲ, ಕೊರತೆ ನನ್ನದು.

ಯಮ ಮತ್ತು ನಿಯಮ

ದೊಡ್ಡದಾಗಿ ಮಾಡಬೇಕೆಂಬ ಆಸೆಯೇ ಮುಂದೂಡಿಕೆಯ ಮೂಲವೆಂಬುದು ನನಗೆ ಅಂದು ತಿಳಿಯಿತು. ಆಚಾರ್ಯರು ಇದನ್ನು ಬಹು ಹಿಂದೆಯೇ ಬಲ್ಲವರಾಗಿದ್ದರು. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಜೀವನಪರ್ಯಂತ ಹಿಡಿಯುವುದು ಯಮ. ಕಾಲದ ಮಿತಿಯಿಟ್ಟು ಹಿಡಿಯುವುದು ನಿಯಮ. ಆ ಮಿತಿಯು ಒಂದು ಹಗಲಾಗಬಹುದು, ಒಂದು ರಾತ್ರಿಯಾಗಬಹುದು. ಪಕ್ಷ, ಮಾಸ, ಋತು, ಅಯನವೂ ಆಗಬಹುದು. ಜೀವನಪೂರ್ತಿ ರಾತ್ರಿಭೋಜನ ಬಿಡಲು ಹೆದರುವವನು ಹದಿನೈದು ದಿನ ಬಿಡಲು ಹೆದರಬೇಕಾಗಿಲ್ಲ. ಯಮಕ್ಕಾಗಿ ಕಾಯುತ್ತ ನಿಯಮವನ್ನೂ ಕಳೆದುಕೊಳ್ಳುವುದೇ ನಮ್ಮ ತಪ್ಪು.

ಆಚರಣೆಯ ಕ್ರಮ

1. ಒಂದೇ ನಿಯಮವನ್ನು ಆರಿಸಿಕೊಳ್ಳಿ. ಆರಂಭದ ತಿಥಿಯನ್ನೂ ಮುಕ್ತಾಯದ ತಿಥಿಯನ್ನೂ ಬರೆದಿಡಿ. “ಇನ್ನು ಮೇಲೆ” ಎಂಬುದು ನಿಯಮವಲ್ಲ. “ಈ ಅಮಾವಾಸ್ಯೆಯವರೆಗೆ” ಎಂಬುದು ನಿಯಮ.

2. ದಿನಕ್ಕೊಂದು ಮುಹೂರ್ತವನ್ನು ಸಾಮಾಯಿಕ, ಸ್ವಾಧ್ಯಾಯಗಳಿಗೆ ಮೀಸಲಿಡಿ. ಮುಹೂರ್ತವೆಂದರೆ ಎರಡು ಘಳಿಗೆ, 48 ನಿಮಿಷ. ವರ್ಷಕ್ಕೆ ಅದು 292 ಗಂಟೆಗಳಾಗುತ್ತದೆ. ದಿನಕ್ಕೆ ಐದು ಗಂಟೆಯ ಪಾಠವೆಂದರೆ 58 ದಿನಗಳ ಶಾಲೆ! ಅಷ್ಟು ಆಗದಿದ್ದರೆ ಒಂದು ಘಳಿಗೆಯಿಂದ ತೊಡಗಿರಿ. ಆ ಹೊತ್ತು ಮೊಬೈಲು ಬೇರೆ ಕೋಣೆಯಲ್ಲಿರಲಿ.

3. ಉಪವಾಸದಲ್ಲಿ ಶಕ್ತಿಯನ್ನು ಮೀರಬೇಡಿ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಶಕ್ತಿಯ ಅಳತೆಯನ್ನೇ ಹೇಳಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಉಪವಾಸ ಹಿಡಿಯತಕ್ಕದ್ದು. ಊಟದ ಹೊತ್ತನ್ನು ಬದಲಿಸಲಾಗದವರು ಒಂದು ರಸವನ್ನು ತ್ಯಜಿಸಬಹುದು. ದೇಹದ ನೆಪದಿಂದ ಏನನ್ನೂ ಮಾಡದಿರುವುದಕ್ಕೆ ಶಾಸ್ತ್ರವು ಎಡೆಗೊಟ್ಟಿಲ್ಲ.

4. ನಿಯಮವು ಮುರಿದರೆ ಕೈಬಿಡಬೇಡಿ. ಕಳೆದುದಕ್ಕೆ ಪ್ರತಿಕ್ರಮಣ, ಮುಂದಿನದಕ್ಕೆ ಪ್ರತ್ಯಾಖ್ಯಾನ ಎಂಬ ಎರಡು ಬಾಗಿಲುಗಳಿವೆ. ಗುರುಗಳ ಅಥವಾ ಹಿರಿಯರ ಮುಂದೆ ತಪ್ಪನ್ನು ಹೇಳಿಕೊಂಡು ಮರುದಿನವೇ ಮತ್ತೆ ಹಿಡಿಯಿರಿ.

5. ಅವಧಿ ಮುಗಿದ ದಿನವೇ ಮುಂದಿನ ನಿಯಮವನ್ನು ನಿಶ್ಚಯಿಸಿ. ನಡುವೆ ಬಿಡುವಾದರೆ ಪ್ರಮಾದವು ಅಲ್ಲಿಯೇ ಮನೆ ಮಾಡುತ್ತದೆ.

ಮನನಕ್ಕೆ ಪ್ರಶ್ನೆಗಳು

1. ಹದಿನೈದು ಪ್ರಮಾದಗಳಲ್ಲಿ ನಿಮ್ಮನ್ನು ಹೆಚ್ಚಾಗಿ ತಡೆಯುವುದು ಯಾವುದು?

2. ಯಮಕ್ಕೂ ನಿಯಮಕ್ಕೂ ಭೇದವೇನು? ಇಂದೇ ಹಿಡಿಯಬಲ್ಲ ಒಂದು ನಿಯಮವನ್ನು ಕಾಲಮಿತಿಯೊಡನೆ ಬರೆಯಿರಿ.

3. ನಿಮ್ಮ ಮನೆಯಲ್ಲಿ ಯಾರ ಉದ್ಯಾಪನೆ ಉಳಿದಿದೆ? ಅವರು ತಾವಾಗಿ ಹೇಳಲಾರರು. ಈ ಸಂಚಿಕೆಯನ್ನು ಮಡಿಸಿಡುವ ಮೊದಲು ನೀವೇ ಹೋಗಿ ಕೇಳಿರಿ.