ಚಂದ್ರನ ಹತ್ತಿರ ಹೋಗಿ ಬಂದ ಬೆಳ್ಳಿ ಬಿಲ್ಲೆಗಳು

ನಾನು ಹಳೇ ನಾಣ್ಯ ಕೂಡಿಡುವುದು ನಿಮಗೆಲ್ಲ ಗೊತ್ತೇ ಇದೆ. ತೂತು ಕಾಸೂ ನನ್ನ ಡಬ್ಬಿಯಲ್ಲಿದೆ. ಆದರೆ ಅಮೆರಿಕದಲ್ಲಿ ಕೆಲವರು ಬಾಹ್ಯಾಕಾಶಕ್ಕೆ ಹೋಗಿ ಬಂದ ಬಿಲ್ಲೆಗಳನ್ನೇ ಕೂಡಿಡುತ್ತಾರಂತೆ!

ಮೊದಮೊದಲು ಗಗನಯಾತ್ರಿಗಳು ನೆನಪಿಗೆ ಅಂತ ಸಾದಾ ನಾಣ್ಯಗಳನ್ನೂ ಒಯ್ಯುತ್ತಿದ್ದರು. 1961ರ ಜುಲೈ 21ರಂದು ಗಸ್ ಗ್ರಿಸಂ ‘ಲಿಬರ್ಟಿ ಬೆಲ್ 7’ ನೌಕೆಯಲ್ಲಿ ಹೋದಾಗ ಅವರ ಜೇಬಿನಲ್ಲಿ ಡೈಮ್ ಎಂಬ ಚಿಲ್ಲರೆ ನಾಣ್ಯದ ಎರಡು ಕಟ್ಟು ಇದ್ದವು. ನೌಕೆ ಸಮುದ್ರಕ್ಕೆ ಇಳಿದ ಮೇಲೆ ಬಾಗಿಲು ತಟ್ಟನೆ ಹಾರಿಹೋಗಿ ನೀರು ನುಗ್ಗಿತು. ಗ್ರಿಸಂ ಹೊರಗೆ ಹಾರಿದರು. ಉಡುಪಿನೊಳಗೆ ನೀರು, ಮೇಲೆ ನಾಣ್ಯದ ಭಾರ! ಮುಳುಗಿಯೇ ಬಿಡುತ್ತಿದ್ದರು, ಅಷ್ಟರಲ್ಲಿ ಹೆಲಿಕಾಪ್ಟರ್ ಎತ್ತಿಕೊಂಡಿತು. ಮುಳುಗಿದ ನೌಕೆಯನ್ನು 38 ವರ್ಷದ ಮೇಲೆ, 1999ರಲ್ಲಿ ಮೇಲೆತ್ತಿದರು. ಅದರೊಳಗೂ ಡೈಮ್‌ಗಳು ಸಿಕ್ಕವು.

ಜೆಮಿನಿ ಯಾನಗಳಲ್ಲಿ ಬಿಲ್ಲೆಗಳು ಹೋದವು. 1968ರ ಅಪೊಲೊ 7ರಿಂದ ರಾಬಿನ್ಸ್ ಕಂಪನಿಯವರು ಬೆಳ್ಳಿಯಲ್ಲಿ ಮಾಡಿಕೊಟ್ಟರು. ಗಗನಯಾತ್ರಿಗಳು ಅವನ್ನು ಸ್ವಂತ ದುಡ್ಡಿನಿಂದ ಕೊಳ್ಳಬೇಕಿತ್ತು. ಅದರ ಮೇಲೆ ಯಾನದ ಲಾಂಛನ, ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ.

ಈಗ ಮುಖ್ಯ ವಿಷಯ. 1970ರ ಅಪೊಲೊ 13 ಹಾರುವ ಕೆಲವೇ ದಿನ ಮುಂಚೆ, ಮ್ಯಾಟಿಂಗ್ಲಿಯವರಿಗೆ ರುಬೆಲ್ಲಾ ತಗಲಿರಬಹುದು ಎಂದು ಅವರನ್ನು ಬಿಟ್ಟು ಸ್ವಿಗರ್ಟ್ ಅವರನ್ನು ಕಳಿಸಿದರು. (ಪಾಪ, ಅವರಿಗೆ ರೋಗ ಬರಲೇ ಇಲ್ಲ!) ದಾರಿಯಲ್ಲಿ ಆಮ್ಲಜನಕದ ತೊಟ್ಟಿ ಸಿಡಿದು, ಚಂದ್ರನ ಮೇಲೆ ಇಳಿಯದೆ ಒಂದು ಸುತ್ತು ಹಾಕಿ ವಾಪಸ್ ಬಂದರು. ಹೀಗಾಗಿ ಹೋಗಿ ಬಂದ ಬಿಲ್ಲೆಗಳನ್ನು ಕರಗಿಸಿ, ಹೊಸ ಹೆಸರು ಹಾಕಿ, ಇಳಿದ ದಿನಾಂಕ ಇಲ್ಲದೆ ಮತ್ತೆ ಅಚ್ಚು ಹಾಕಿದರು.

ಹಾಗಾದರೆ ಅದು ಚಂದ್ರನನ್ನು ಸುತ್ತಿದ ಬಿಲ್ಲೆಯೋ ಅಲ್ಲವೋ? ನನ್ನ ಗೆಳೆಯ ಅಲ್ಲವೇ ಅಲ್ಲ ಅಂದ. ಅಜ್ಜಿಯನ್ನು ಕೇಳಿದೆ. “ನನ್ನ ಕಡಗ ಕರಗಿಸಿ ನಿನ್ನ ತಂಗಿಗೆ ಕಾಲ್ಗೆಜ್ಜೆ ಮಾಡಿಸಿದ್ರಲ್ಲ ಮಗಾ, ಅದು ಘಲ್ ಅಂದಾಗೆಲ್ಲ ನಂಗೆ ನನ್ನ ಕಡಗಾನೇ ಕಾಣ್ತದೆ” ಅಂದಳು. ನನಗೆ ಅಜ್ಜಿ ಮಾತು ಸರಿ ಅನ್ನಿಸಿತು.

ಆದರೆ 1971ರಲ್ಲಿ ಅಪೊಲೊ 14ರಲ್ಲಿ ಹೋದ ಕೆಲವು ಬಿಲ್ಲೆಗಳನ್ನು ಫ್ರಾಂಕ್ಲಿನ್ ಮಿಂಟ್‌ನವರು ಬೇರೆ ಬೆಳ್ಳಿಯ ಜೊತೆ ಕರಗಿಸಿ ಸಾವಿರಾರು ಪುಟ್ಟ ಬಿಲ್ಲೆ ಮಾಡಿದರು. ಅಜ್ಜಿಗೆ ಇದನ್ನೂ ಹೇಳಿದೆ. “ಅದು ಹಾಲಿಗೆ ನೀರು ಬೆರೆಸಿದ ಹಾಗೆ” ಅಂದುಬಿಟ್ಟಳು.

ಅಪೊಲೊ 13ರ ಬಿಲ್ಲೆ ಬಗ್ಗೆ ನೀವೇನಂತೀರಿ? ಕೆಳಗೆ ಜಾಗ ಬಿಟ್ಟಿದ್ದೇನೆ, ಪೆನ್ಸಿಲಿನಲ್ಲಿ ಬರೆಯಿರಿ. ಮೇಷ್ಟ್ರುಗಳೂ ಬರೆಯಬಹುದು.