ಪದಕದ ಸಾಕ್ಷ್ಯ: ಅಡ್ಮಿರಲ್ ನೆಲ್ಸನ್‌ನ ವೃತ್ತಿಜೀವನದ ಒಂದು ಪರಿಶೀಲನೆ

ಶಾಸನವೊಂದನ್ನು ಓದುವಾಗ ಅದನ್ನು ಹಾಕಿಸಿದವರಾರು, ಯಾರ ಹೆಸರು ಅದರಲ್ಲಿದೆ, ಯಾರ ಹೆಸರು ಬಿಟ್ಟುಹೋಗಿದೆ ಎಂದು ಕೇಳುವುದು ಕನ್ನಡ ಸಂಶೋಧನೆಗೆ ರೂಢಿಯಾಗಿರುವ ಕ್ರಮ. ಆದರೆ ಪದಕಗಳ ವಿಷಯಕ್ಕೆ ಬಂದಾಗ ನಾವು ಈ ಎಚ್ಚರವನ್ನು ಮರೆಯುತ್ತೇವೆ. ಪದಕವೆಂದರೆ ಪರಾಕ್ರಮದ ನೇರ ದಾಖಲೆಯೆಂದು ನಂಬಿಬಿಡುತ್ತೇವೆ. ವಾಸ್ತವವಾಗಿ ಪದಕವು ಪಡೆದವನ ಸಾಹಸಕ್ಕಿಂತ ಹೆಚ್ಚಾಗಿ ಕೊಟ್ಟವರ ನಿರ್ಧಾರವನ್ನು ಹೇಳುತ್ತದೆ. ಬ್ರಿಟಿಷ್ ನೌಕಾಧಿಪತಿ ಹೊರೇಷಿಯೊ ನೆಲ್ಸನ್‌ನ (1758-1805) ವೃತ್ತಿಜೀವನವನ್ನು ಅವನ ಪದಕಗಳ ಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ನಾರ್ಫಕ್ ಪ್ರಾಂತದ ಬರ್ನಮ್ ಥಾರ್ಪ್ ಎಂಬ ಹಳ್ಳಿಯ ಪಾದ್ರಿಯ ಮಗನಾದ ನೆಲ್ಸನ್ 1771ರಲ್ಲಿ, ತನ್ನ ಹನ್ನೆರಡನೆಯ ವಯಸ್ಸಿನಲ್ಲಿ, ಸೋದರಮಾವನ ಹಡಗಿನಲ್ಲಿ ಸೇವೆಗೆ ಸೇರಿದನು. ಅವನು ಮೊದಲು ಕಂಡ ಕದನಕ್ಕೂ ಮೈಸೂರಿಗೂ ಸಂಬಂಧವುಂಟು. ‘ಸೀಹಾರ್ಸ್’ ಎಂಬ ಯುದ್ಧನೌಕೆ ಈಸ್ಟ್ ಇಂಡಿಯಾ ಕಂಪನಿಯ ಹಣವನ್ನು ಹೊತ್ತು ಮುಂಬಯಿಗೆ ಸಾಗುತ್ತಿದ್ದಾಗ, 1775ರ ಫೆಬ್ರವರಿ 19ರಂದು ಹೈದರ್ ಅಲಿಯ ಎರಡು ಹಡಗುಗಳು ಅದನ್ನು ಎದುರಿಸಿದವು. ಅಲ್ಪಕಾಲದ ಗುಂಡಿನ ವಿನಿಮಯದಲ್ಲಿ ಆ ಕಾದಾಟ ಮುಗಿಯಿತು. ಇದಕ್ಕೆ ಯಾವ ಪದಕವೂ ಇಲ್ಲ. ನೆಲ್ಸನ್ 1777ರಲ್ಲಿ ಲೆಫ್ಟಿನೆಂಟನಾಗಿ, 1779ರಲ್ಲಿ, ಇಪ್ಪತ್ತರ ಹರೆಯದಲ್ಲಿಯೇ, ಪೂರ್ಣ ಪದವಿಯ ಕ್ಯಾಪ್ಟನ್ ಆದನು.

ಬ್ರಿಟಿಷ್ ನೌಕಾದಳದಲ್ಲಿ ಚಿನ್ನದ ಪದಕದ ಪದ್ಧತಿ ಆರಂಭವಾದುದು 1794ರ ಜೂನ್ 1ರ ವಿಜಯದ ತರುವಾಯ. ಅಡ್ಮಿರಲ್‌ಗಳಿಗೆ ದೊಡ್ಡ ಪದಕ, ಕ್ಯಾಪ್ಟನ್‌ಗಳಿಗೆ ಚಿಕ್ಕ ಪದಕ. ಫಿರಂಗಿಯ ಬಳಿ ನಿಂತು ಕಾದಿದ ಸಾಮಾನ್ಯ ನಾವಿಕನಿಗೆ ಏನೂ ಇಲ್ಲ. ಕ್ಯಾಪ್ಟನ್‌ಗಳಲ್ಲಿಯೂ ಎಲ್ಲರಿಗೆ ಅದು ದೊರೆಯಲಿಲ್ಲ. ಆ ಕದನದಲ್ಲಿದ್ದ ಕಾಲಿಂಗ್‌ವುಡ್‌ನನ್ನು ಕೈಬಿಡಲಾಯಿತು. 1797ರ ಸೇಂಟ್ ವಿನ್ಸೆಂಟ್ ಕದನಕ್ಕಾಗಿ ಪದಕ ಬಂದಾಗ, ಹಿಂದಿನದನ್ನು ಕೊಡದೆ ಇದನ್ನು ಸ್ವೀಕರಿಸಲಾರೆನೆಂದು ಅವನು ಪಟ್ಟು ಹಿಡಿದನು. ಕೊನೆಗೆ ಎರಡೂ ಬಂದವು. ಸಾಹಸ ಅದೇ, ಬದಲಾದುದು ಕೊಡುವವರ ಮನಸ್ಸು ಮಾತ್ರ.

ನೆಲ್ಸನ್‌ಗೆ ಇಂಥ ಮೂರು ಚಿನ್ನದ ಪದಕಗಳು ಸಂದವು: ಸೇಂಟ್ ವಿನ್ಸೆಂಟ್ (1797), ನೈಲ್ (1798) ಮತ್ತು ಮರಣಾನಂತರ ಟ್ರಫಾಲ್ಗರ್ (1805). ನೈಲ್ ಕದನದಲ್ಲಿ ಫ್ರೆಂಚರ ಹದಿಮೂರು ದೊಡ್ಡ ಯುದ್ಧನೌಕೆಗಳಲ್ಲಿ ಹನ್ನೊಂದು ಸೆರೆಯಾದವು ಇಲ್ಲವೆ ನಾಶವಾದವು. ಈಜಿಪ್ಟಿನಲ್ಲಿ ನೆಪೋಲಿಯನ್ ಸಿಕ್ಕಿಕೊಂಡುದರಿಂದ ಭಾರತಕ್ಕಿದ್ದ ಅಪಾಯ ತಗ್ಗಿತೆಂದು ಭಾವಿಸಿದ ಕಂಪನಿ ನೆಲ್ಸನ್‌ಗೆ 10,000 ಪೌಂಡುಗಳನ್ನು ಕೊಟ್ಟಿತು. ಸರ್ಕಾರ ಮರೆತ ನಾವಿಕರನ್ನು ನೆನೆದವನು ನೆಲ್ಸನ್‌ನ ಏಜೆಂಟನಾದ ಅಲೆಗ್ಸಾಂಡರ್ ಡೇವಿಸನ್. ಅವನು ಸ್ವಂತ ಖರ್ಚಿನಿಂದ ಪದಕ ಮಾಡಿಸಿ ಎಲ್ಲರಿಗೂ ಹಂಚಿದನು. ಆದರೆ ಅಲ್ಲಿಯೂ ಚಿನ್ನ, ಬೆಳ್ಳಿ, ಕಂಚುಗಳ ಶ್ರೇಣಿ ತಪ್ಪಲಿಲ್ಲ. ಆ ಪದಕವನ್ನು ರೂಪಿಸಿದ ಕಲಾವಿದ ಕೂಕ್ಲರ್. ಅಚ್ಚುಹಾಕಿದುದು ಬರ್ಮಿಂಗ್‌ಹ್ಯಾಮ್ ಸಮೀಪದ ಸೋಹೊ ಟಂಕಸಾಲೆ. 1799ರ ಶ್ರೀರಂಗಪಟ್ಟಣದ ಪತನವನ್ನು ಸ್ಮರಿಸಿ ಕಂಪನಿ ಹೊರಡಿಸಿದ ಪದಕವೂ ಅದೇ ಕಲಾವಿದನ, ಅದೇ ಟಂಕಸಾಲೆಯ ಕೃತಿ. ಸಿಂಹವು ಹುಲಿಯನ್ನು ಕೆಡವಿರುವ ಆ ಚಿತ್ರ ನಮಗೆ ಪರಿಚಿತವೇ ಆಗಿದೆ. ಅದೂ ಪದವಿಗೆ ತಕ್ಕಂತೆ ಚಿನ್ನದಿಂದ ತವರದವರೆಗೆ ಇಳಿದು ಬಂದಿತು.

ಇನ್ನು ಇಲ್ಲದ ಪದಕದ ಸಂಗತಿ. 1801ರ ಏಪ್ರಿಲ್ 2ರ ಕೋಪನ್‌ಹೇಗನ್ ಕದನವು ನೆಲ್ಸನ್ ಕಂಡ ಅತ್ಯಂತ ಭೀಕರ ಕದನಗಳಲ್ಲೊಂದು. ಅದಕ್ಕಾಗಿ ಅವನಿಗೆ ವೈಕೌಂಟ್ ಪದವಿ ದೊರೆಯಿತು. ಪದಕ ಮಾತ್ರ ದೊರೆಯಲಿಲ್ಲ. ಬ್ರಿಟನ್ ಡೆನ್ಮಾರ್ಕಿನ ಮೇಲೆ ವಿಧ್ಯುಕ್ತವಾಗಿ ಯುದ್ಧ ಘೋಷಿಸಿರಲಿಲ್ಲ. ಆಗ ನೌಕಾಡಳಿತದ ಮುಖ್ಯಸ್ಥನಾಗಿದ್ದವನು ಸೇಂಟ್ ವಿನ್ಸೆಂಟ್‌ನಲ್ಲಿ ನೆಲ್ಸನ್‌ನ ಮೇಲಧಿಕಾರಿಯಾಗಿದ್ದ ಜರ್ವಿಸ್; ಅವನೂ ಒಪ್ಪಲಿಲ್ಲ. ತನ್ನ ಕ್ಯಾಪ್ಟನ್‌ಗಳಿಗೆ ಅನ್ಯಾಯವಾಯಿತೆಂದು ನೆಲ್ಸನ್ ಲಂಡನ್ನಿನ ಮೇಯರನಿಗೂ ಬರೆದನು. ಫಲ ದೊರೆಯಲಿಲ್ಲ. ಟ್ರಫಾಲ್ಗರ್‌ನಲ್ಲಿ ಅವನು ಗುಂಡೇಟಿಗೆ ಬಿದ್ದಾಗ ತೊಟ್ಟಿದ್ದ ಕೋಟಿನ ಮೇಲೆ ಕಸೂತಿಯ ನಾಲ್ಕು ನಕ್ಷತ್ರಗಳಿದ್ದವು. ಅವುಗಳಲ್ಲಿ ಮೂರು ಪರದೇಶಗಳ ಗೌರವಗಳು.

ಕೋಪನ್‌ಹೇಗನ್ನಿಗೆ ಮನ್ನಣೆ ಬಂದುದು ಬಹಳ ತಡವಾಗಿ. 1847ರಲ್ಲಿ ಹಿಂದಿನ ನೌಕಾಯುದ್ಧಗಳಿಗೆಲ್ಲ ಅನ್ವಯಿಸುವಂತೆ ಒಂದು ಬೆಳ್ಳಿಯ ಪದಕಕ್ಕೆ ಅನುಮತಿ ದೊರೆಯಿತು. ಅದರ ರಿಬ್ಬನ್ನಿನ ಮೇಲೆ ಕದನದ ಹೆಸರುಳ್ಳ ಅಡ್ಡಪಟ್ಟಿ. ಅಂಚಿನಲ್ಲಿ ಪಡೆದವನ ಹೆಸರು. ಅಧಿಕಾರಿ, ನಾವಿಕರೆಂಬ ಭೇದ ಅದರಲ್ಲಿಲ್ಲ. ಸುಮಾರು 21,000 ಪದಕಗಳು ವಿತರಣೆಯಾದವು. ‘ಕೋಪನ್‌ಹೇಗನ್ 1801’ ಎಂಬ ಪಟ್ಟಿಯೂ ಅದರಲ್ಲಿ ಸೇರಿತು. ಆದರೆ ಅದು ಬದುಕಿದ್ದು ಅರ್ಜಿ ಹಾಕಿದವರಿಗೆ ಮಾತ್ರ. ಅಧಿಪತಿಯು ಬೇಡಿಯೂ ಪಡೆಯದ ಮನ್ನಣೆಯನ್ನು ಅವನ ಹಡಗಿನ ಮುದಿ ನಾವಿಕರು ನಲವತ್ತಾರು ವರ್ಷಗಳ ಮೇಲೆ ಪಡೆದರು. ಅಲ್ಲಿ ಮಡಿದವರ ಹೆಸರು ಯಾವ ಲೋಹದ ಮೇಲೂ ಮೂಡಲಿಲ್ಲ. ನಮ್ಮ ವೀರಗಲ್ಲಿನ ಕ್ರಮ ಇದಕ್ಕೆ ವಿರುದ್ಧವಾದುದು. ತುರುಗಾಳಗದಲ್ಲಿ ಸತ್ತವನಿಗೇ ಅಲ್ಲಿ ಕಲ್ಲು, ಬದುಕಿ ಬಂದವನಿಗಲ್ಲ.

ಆದ್ದರಿಂದ ಪದಕವನ್ನು ಆಕರವಾಗಿ ಬಳಸುವ ವಿದ್ಯಾರ್ಥಿ ಮೂರು ಪ್ರಶ್ನೆಗಳನ್ನು ಕೇಳಬೇಕು: ಕೊಟ್ಟವರು ಯಾರು, ಘಟನೆ ನಡೆದ ಎಷ್ಟು ಕಾಲದ ಮೇಲೆ ಕೊಟ್ಟರು, ಯಾವ ಪದವಿಯವರೆಗೆ ಕೊಟ್ಟರು. ಈ ಪ್ರಶ್ನೆಗಳಿಲ್ಲದೆ ಶ್ರೀರಂಗಪಟ್ಟಣದ ಪದಕವನ್ನು ನೋಡಿದವನಿಗೆ ಗೆದ್ದ ಸಿಂಹ ಮಾತ್ರ ಕಾಣುತ್ತದೆ. ಬಿದ್ದ ಹುಲಿಯ ಪಕ್ಷದಲ್ಲಿ ಸತ್ತವರ ಚರಿತ್ರೆಗೆ, ತವರದ ಪದಕ ಪಡೆದ ಸಿಪಾಯಿಯ ಚರಿತ್ರೆಗೆ ಬೇರೆ ಆಕರಗಳನ್ನು ಅರಸುವುದು ನಮ್ಮ ಹೊಣೆ.