ಹೆಸರುಚೀಟಿಯ ಯಂತ್ರ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ತಾಲೂಕಿನ ಚಿಮ್ಮಡದಲ್ಲಿ ಒಂದು ಒಕ್ಕಲುಮನೆಯನ್ನು ಊಹಿಸಿಕೊಳ್ಳೋಣ. ಹೊಲದಲ್ಲಿ ಕಬ್ಬು, ಅದರ ಮಗ್ಗುಲಿಗೆ ಅರಿಸಿನ. ಪಡಸಾಲೆಯ ಗೂಡಿನಲ್ಲಿ ಒಂದೇ ಆಕಾರದ, ಒಂದೇ ಬಣ್ಣದ ನಾಲ್ಕು ಪ್ಲಾಸ್ಟಿಕ್ ಬಾಟಲಿಗಳಿವೆ. ಒಂದರಲ್ಲಿ ಕುಡಿಯುವ ನೀರು, ಒಂದರಲ್ಲಿ ಬೇವಿನ ಎಣ್ಣೆ, ಒಂದರಲ್ಲಿ ಯಂತ್ರದ ಎಣ್ಣೆ, ನಾಲ್ಕನೆಯದರಲ್ಲಿ ನೆರೆಯವರಿಂದ ಕಡ ತಂದ ಕಳೆನಾಶಕ. ಮನೆಯ ಯಜಮಾನರಿಗೆ ನಾಲ್ಕೂ ಗೊತ್ತು. ಕಣ್ಣು ಮುಚ್ಚಿ ಕೈಹಾಕಿದರೂ ತಪ್ಪಲಾರರು. ಆದರೆ ಬೇಸಗೆಯ ರಜೆಗೆ ಬಂದು, ಬಿಸಿಲಿನಲ್ಲಿ ಆಡಿ, ನೀರಡಿಸಿ ಒಳಗೆ ಓಡಿಬಂದ ತಂಗಿಯ ಮಗನಿಗೆ ಅದು ಗೊತ್ತಿಲ್ಲ. ಯಜಮಾನರ ತಲೆಯೊಳಗಿರುವ ತಿಳಿವಳಿಕೆ ಬಾಟಲಿಯ ಮೈಮೇಲೆ ಬಂದಿದ್ದರೆ ಆ ಹುಡುಗನಿಗೂ ಅದು ದೊರೆಯುತ್ತಿತ್ತು. ಹೆಸರುಚೀಟಿಯ ಕೆಲಸ ಇಷ್ಟೇ. ಈ ಕೆಲಸವನ್ನು ಮಾಡುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಲೇಬಲ್ ಯಂತ್ರಗಳು ಈಗ ಅಂಗಡಿಗಳಲ್ಲಿ ಬಗೆಬಗೆಯಾಗಿ ದೊರೆಯುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು, ಹೇಗೆ ಬಳಸಬೇಕು ಎಂಬುದನ್ನು ಪರಿಶೀಲಿಸೋಣ.

ಒತ್ತಿದರೆ ಅಂಟುವ ಚೀಟಿಯನ್ನು ಅಮೆರಿಕದ ಸ್ಟಾಂಟನ್ ಏವರಿ ಎಂಬಾತನು 1935ರಲ್ಲಿ ಮಾರುಕಟ್ಟೆಗೆ ತಂದನು. ಅದಕ್ಕೆ ಮೊದಲು ಚೀಟಿಗೆ ಗೋಂದು ಬಳಿಯಬೇಕಿತ್ತು, ಇಲ್ಲವೇ ನಾಲಗೆಯಿಂದ ಒದ್ದೆಮಾಡಬೇಕಿತ್ತು. ಕೈಯಲ್ಲಿ ಹಿಡಿದು ಅಕ್ಷರ ಒತ್ತುವ ಯಂತ್ರವನ್ನು ಜನಪ್ರಿಯಗೊಳಿಸಿದುದು 1958ರಲ್ಲಿ ಸ್ಥಾಪಿತವಾದ ಡೈಮೊ ಸಂಸ್ಥೆ. ಅದರ ರಚನೆ ಬಹಳ ಸರಳ. ಅಕ್ಷರಗಳಿರುವ ಒಂದು ಚಕ್ರ, ಒಂದು ಹಿಡಿಕೆ, ಒಂದು ಪ್ಲಾಸ್ಟಿಕ್ ಪಟ್ಟಿ. ಬೇಕಾದ ಅಕ್ಷರಕ್ಕೆ ಚಕ್ರವನ್ನು ತಿರುಗಿಸಿ ಹಿಡಿಕೆಯನ್ನು ಅದುಮಿದರೆ ಪಟ್ಟಿಯ ಮೇಲೆ ಅಕ್ಷರ ಉಬ್ಬಿ, ಬೆಳ್ಳಗೆ ಕಾಣಿಸುತ್ತದೆ.

ಇಲ್ಲಿ ಶಾಯಿಯೇ ಇಲ್ಲ. ಹಾಗಿದ್ದರೆ ಬಿಳುಪು ಎಲ್ಲಿಂದ ಬಂದಿತು? ಬಣ್ಣದ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ತುಂಡನ್ನು ಬಲವಾಗಿ ಮಡಿಸಿ ನೋಡಿರಿ. ಮಡಿಕೆಯ ಗುಂಟ ಒಂದು ಬಿಳಿಯ ಗೆರೆ ಮೂಡುತ್ತದೆ. ಪ್ಲಾಸ್ಟಿಕ್ ತನ್ನ ಶಕ್ತಿಗೆ ಮೀರಿ ಹಿಗ್ಗಿದಾಗ ಅದರೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬಿರುಕುಗಳೂ ಟೊಳ್ಳುಗಳೂ ಹುಟ್ಟುತ್ತವೆ. ಅವು ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದರಿಂದ ಆ ಭಾಗ ಬಿಳಿಯಾಗಿ ತೋರುತ್ತದೆ. ನೀರಿಗೆ ಬಣ್ಣವಿಲ್ಲದಿದ್ದರೂ ನೊರೆ ಬೆಳ್ಳಗಿರುವುದು ಇದೇ ಕಾರಣದಿಂದ. ಶಾಯಿಯಿಲ್ಲದ ಈ ಅಕ್ಷರ ತೊಳೆದರೆ ಹೋಗುವುದಿಲ್ಲ, ಬಿಸಿಲಿಗೆ ಮಾಸುವುದು ಕಡಿಮೆ. ಆದರೆ ಪಟ್ಟಿಗೆ ಚೆನ್ನಾಗಿ ಕಾವು ತಗುಲಿದರೆ ಪ್ಲಾಸ್ಟಿಕ್ ಮೆತ್ತಗಾಗಿ ತನ್ನ ಮೊದಲಿನ ಸ್ಥಿತಿಗೆ ಮರಳಲು ಯತ್ನಿಸುತ್ತದೆ. ಉಬ್ಬು ಇಳಿದು ಬಿಳುಪು ಮಸುಕಾಗುತ್ತದೆ. ಒಲೆಯ ಬಳಿ ಇದನ್ನು ಅಂಟಿಸಬಾರದು.

ಎರಡನೆಯ ಬಗೆ, ಇಂದು ಅತಿ ಅಗ್ಗವಾಗಿ ದೊರೆಯುವುದು, ಕಾವಿನಿಂದ ಕಪ್ಪಾಗುವ ಕಾಗದದ ಯಂತ್ರ. ಎ.ಟಿ.ಎಂ.ನಿಂದ ಬರುವ ಚೀಟಿ ಇದೇ ಜಾತಿಯದು. ಅಂಥ ಒಂದು ಚೀಟಿಯನ್ನು ಮೇಜಿನ ಮೇಲಿಟ್ಟು ಉಗುರಿನಿಂದ ವೇಗವಾಗಿ ಗೀಚಿರಿ. ಕಪ್ಪು ಗೆರೆ ಮೂಡುತ್ತದೆ. ಶಾಯಿ ನಿಮ್ಮ ಉಗುರಿನಲ್ಲಿರಲಿಲ್ಲವಷ್ಟೆ! ಕಾಗದದ ಮೇಲ್ಪದರದಲ್ಲಿ ಬಣ್ಣವಿಲ್ಲದ ಒಂದು ವರ್ಣದ್ರವ್ಯವೂ ಆಮ್ಲಗುಣದ ಇನ್ನೊಂದು ದ್ರವ್ಯವೂ ಪುಡಿಯ ರೂಪದಲ್ಲಿ ಅಕ್ಕಪಕ್ಕದಲ್ಲಿರುತ್ತವೆ. ತಿಕ್ಕಾಟದ ಕಾವಿನಿಂದ ಅವು ಕರಗಿ ಕೂಡುತ್ತವೆ. ಆಗ ವರ್ಣದ್ರವ್ಯದ ಅಣುವಿನಲ್ಲಿ ಮುಚ್ಚಿಕೊಂಡಿದ್ದ ಒಂದು ಉಂಗುರ ತೆರೆದುಕೊಳ್ಳುತ್ತದೆ, ಅಣು ಬೆಳಕನ್ನು ಹೀರತೊಡಗುತ್ತದೆ, ಬಣ್ಣ ಕಾಣಿಸುತ್ತದೆ. ಯಂತ್ರದಲ್ಲಿ ಉಗುರಿನ ಬದಲು ಸಾಲಾಗಿ ಜೋಡಿಸಿದ ಅತಿ ಸಣ್ಣ ವಿದ್ಯುತ್ ಕಾವುಬಿಂದುಗಳಿರುತ್ತವೆ. ಒಂದು ಮಿಲಿಮೀಟರಿನಲ್ಲಿ ಏಳೋ ಎಂಟೋ ಬಿಂದುಗಳು. ಬೇಕಾದ ಬಿಂದು ಬೇಕಾದ ಕ್ಷಣದಲ್ಲಿ ಬಿಸಿಯಾಗಿ ಕಾಗದದ ಮೇಲೆ ಚುಕ್ಕೆ ಇಡುತ್ತದೆ.

ಇದರ ದೌರ್ಬಲ್ಯವೂ ಇದರ ರಸಾಯನದಲ್ಲೇ ಅಡಗಿದೆ. ಕೂಡಿದ ದ್ರವ್ಯಗಳು ಬೇರ್ಪಟ್ಟರೆ ಬಣ್ಣ ಹೋಗುತ್ತದೆ. ಒಂದು ಚೀಟಿಯನ್ನು ಮೂರು ತುಂಡು ಮಾಡಿ, ಒಂದನ್ನು ಪುಸ್ತಕದೊಳಗಿಡಿ. ಒಂದನ್ನು ಕಿಟಕಿಯ ಬಿಸಿಲಿಗಿಡಿ. ಮೂರನೆಯದಕ್ಕೆ ಅಡುಗೆಯ ಎಣ್ಣೆ ಸವರಿ ಬಿಡಿ. ದಿನಕ್ಕೊಮ್ಮೆ ಹೋಲಿಸಿ ನೋಡಿ ಬರೆದಿಟ್ಟುಕೊಳ್ಳಿರಿ. ಉಪ್ಪಿನಕಾಯಿಯ ಭರಣಿಗೆ ಈ ಕಾಗದ ಏಕೆ ಸಲ್ಲದೆಂಬುದನ್ನು ನಾವು ಹೇಳುವುದಕ್ಕಿಂತ ಆ ಮೂರು ತುಂಡುಗಳೇ ಚೆನ್ನಾಗಿ ಹೇಳುತ್ತವೆ. ಸ್ಪಿರಿಟ್ ತಾಗಿದರೆ ಕಾಗದವೇ ಕಪ್ಪಾಗುವುದೂ ಉಂಟು. ಇದೇ ವಾರ ಕಳುಹಿಸಬೇಕಾದ ಪೊಟ್ಟಣಕ್ಕೆ, ಹತ್ತು ದಿನದಲ್ಲಿ ಮುಗಿಯುವ ಚಟ್ನಿಪುಡಿಯ ಡಬ್ಬಿಗೆ ಇದು ಧಾರಾಳವಾಗಿ ಸಾಕು. ಹತ್ತು ವರ್ಷ ಕಪಾಟಿನಲ್ಲಿರಬೇಕಾದ ಕಡತಕ್ಕೆ ಸಾಲದು.

ಮೂರನೆಯ ಬಗೆಯಲ್ಲಿ ಕಾವುಬಿಂದುಗಳು ಅವೇ. ಆದರೆ ನಡುವೆ ಶಾಯಿಯ ಒಂದು ತೆಳುವಾದ ಫೀತೆ ಇರುತ್ತದೆ. ಬಿಸಿಯಾದ ಕಡೆ ಫೀತೆಯ ಶಾಯಿ ಕರಗಿ ಪಟ್ಟಿಗೆ ಹತ್ತುತ್ತದೆ. ಇದರ ಉತ್ತಮ ರೂಪದಲ್ಲಿ ಅಕ್ಷರಗಳನ್ನು ಪಾರದರ್ಶಕವಾದ ಹಾಳೆಯ ಒಳಮೈಗೆ, ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಮುದ್ರಿಸಿ, ಹಿಂದಿನಿಂದ ಬಣ್ಣದ ಅಂಟುಪಟ್ಟಿಯನ್ನು ಕೂಡಿಸುತ್ತಾರೆ. ಅಕ್ಷರ ಎರಡು ಪದರಗಳ ನಡುವೆ ಸಿಕ್ಕಿಕೊಳ್ಳುವುದರಿಂದ ನೀರು, ಎಣ್ಣೆ, ಉಗುರು ಯಾವುದೂ ಅದನ್ನು ಮುಟ್ಟಲಾರದು. 1988ರಲ್ಲಿ ಬ್ರದರ್ ಸಂಸ್ಥೆ ತಂದ ಪಿ-ಟಚ್ ಯಂತ್ರಗಳು ಇಂಥ ಪಟ್ಟಿಗೆ ಹೆಸರಾದುವು. ಯಂತ್ರಕ್ಕಿಂತ ಪಟ್ಟಿಯ ಸುರುಳಿಯೇ ಕೊನೆಗೆ ದುಬಾರಿಯಾಗುತ್ತದೆಂಬುದನ್ನು ಮಾತ್ರ ಕೊಳ್ಳುವಾಗ ಮರೆಯಬಾರದು. ಒಂದು ಸಂಸ್ಥೆಯ ಸುರುಳಿ ಇನ್ನೊಂದರ ಯಂತ್ರದಲ್ಲಿ ಸಾಮಾನ್ಯವಾಗಿ ಕೂರುವುದಿಲ್ಲ. ಕಚೇರಿಯವರು ತಿಳಿದಿರಬೇಕಾದ ಇನ್ನೊಂದು ಸಂಗತಿ: ಬಳಸಿ ಮುಗಿದ ಫೀತೆಯಲ್ಲಿ ಶಾಯಿ ಹೋದ ಜಾಗ ತಿಳಿಯಾಗಿ ಉಳಿದು, ಮುದ್ರಿಸಿದ ಮಾತೆಲ್ಲವನ್ನೂ ಬೆಳಕಿಗೆ ಹಿಡಿದು ಓದಬಹುದು. ಗುಟ್ಟಿನ ಹೆಸರುಗಳಿದ್ದರೆ ಅದನ್ನು ಕತ್ತರಿಸಿ ಎಸೆಯುವುದು ಲೇಸು.

ಇನ್ನು ಲಿಪಿಯ ಪ್ರಶ್ನೆ. ಯಂತ್ರದ ಜಾಹೀರಾತುಗಳು ಇದರ ಮಾತನ್ನೇ ಎತ್ತುವುದಿಲ್ಲ. ನಮಗಾದರೋ ಇದೇ ಮುಖ್ಯ. ಅಜ್ಜಿ ಓದಲಾರದ ಲಿಪಿಯಲ್ಲಿ ಅಜ್ಜಿಯ ಔಷಧದ ಡಬ್ಬಿಗೆ ಹೆಸರಂಟಿಸಿ ಫಲವೇನು? ಉಬ್ಬಕ್ಷರದ ಚಕ್ರದಲ್ಲಿ ಇಂಗ್ಲಿಷಿನ 26 ಅಕ್ಷರ, 10 ಅಂಕಿ, ಕೆಲವು ಚಿಹ್ನೆಗಳು ಹಿಡಿದರೆ ಕೆಲಸ ಮುಗಿಯಿತು. ಕನ್ನಡದಲ್ಲಿ 34 ವ್ಯಂಜನಗಳು. 13 ಸ್ವರ, ಅನುಸ್ವಾರ, ವಿಸರ್ಗ ಸೇರಿ ಒಂದೊಂದಕ್ಕೂ 15 ರೂಪ. ಕಾಗುಣಿತವೇ 510 ಆಯಿತು. ಒತ್ತಕ್ಷರಗಳನ್ನು ಇನ್ನೂ ಎಣಿಸಿಲ್ಲ. ಬೆರಳಚ್ಚು ಯಂತ್ರದಲ್ಲಿ ಕೊಂಬು, ಒತ್ತುಗಳನ್ನು ಬಿಡಿಬಿಡಿಯಾಗಿ ಹೊಡೆದು ಈ ಕಷ್ಟವನ್ನು ದಾಟಿದರು. ಚಕ್ರಕ್ಕೆ ಆ ಉಪಾಯ ಒಗ್ಗುವುದಿಲ್ಲ. ತನ್ನದೇ ಕೀಲಿಮಣೆಯುಳ್ಳ ವಿದ್ಯುತ್ ಯಂತ್ರಗಳಲ್ಲಿಯೂ ಕನ್ನಡ ದೊರೆಯುವುದು ಅಪರೂಪ.

ಆದರೆ ಮೊಬೈಲ್ ಫೋನಿಗೆ ಜೋಡಿಸುವ ಯಂತ್ರಗಳು ಈ ಬಾಗಿಲನ್ನು ತೆರೆದಿವೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದುದರಿಂದ ಫೋನು ಕನ್ನಡವನ್ನು ಬಲ್ಲುದು. ಅದು ಪದವನ್ನು ಚಿತ್ರವಾಗಿ ಬಿಡಿಸಿ, ಎಲ್ಲಿ ಚುಕ್ಕೆ ಬೇಕು ಎಲ್ಲಿ ಬೇಡ ಎಂಬುದನ್ನಷ್ಟೇ ಯಂತ್ರಕ್ಕೆ ತಿಳಿಸುತ್ತದೆ. ಯಂತ್ರಕ್ಕೆ ಯಾವ ಭಾಷೆಯೂ ಬರಬೇಕಿಲ್ಲ. ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ‘ರಾಷ್ಟ್ರ’, ‘ಸೂರ್ಯ’ ಎಂಬ ಎರಡು ಪದಗಳನ್ನು ಮುದ್ರಿಸಿ ನೋಡಿರಿ. ಮೂರು ವ್ಯಂಜನಗಳ ಒತ್ತೂ ಅರ್ಕಾವತ್ತೂ ಸರಿಯಾಗಿ ಕೂತರೆ ಉಳಿದುವೂ ಕೂರುತ್ತವೆ.

ಅಳತೆಯ ಲೆಕ್ಕವೂ ಒಂದಿದೆ. 12 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ ಅಂಚು ಬಿಟ್ಟು 10 ಮಿಲಿಮೀಟರ್ ಬಳಸಬಹುದೆನ್ನೋಣ. ಮಿಲಿಮೀಟರಿಗೆ 8ರಂತೆ 80 ಚುಕ್ಕೆಗಳು. ಎರಡು ಸಾಲು ಬರೆದರೆ ಸಾಲಿಗೆ 40. ಇಂಗ್ಲಿಷಿನ ದೊಡ್ಡಕ್ಷರ ಈ 40ನ್ನೂ ಬಹುಮಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ನಡುವಿನ ಅಕ್ಷರಕ್ಕೆ ಉಳಿಯುವುದು 20ರಷ್ಟು. ಆಗ ‘ಪ’, ‘ಫ’, ‘ಷ’ಗಳನ್ನು ಮಬ್ಬುಗಣ್ಣು ಬೇರ್ಪಡಿಸಲಾರದು. ಆದುದರಿಂದ ಈ ಅಗಲದಲ್ಲಿ ಕನ್ನಡವನ್ನು ಒಂದೇ ಸಾಲಿನಲ್ಲಿ ಬರೆಯಬೇಕು. ಎರಡು ಸಾಲು ಬೇಕೆನ್ನುವವರು 24 ಮಿಲಿಮೀಟರ್ ಪಟ್ಟಿ ಹಿಡಿಯುವ ಯಂತ್ರವನ್ನು ಕೊಳ್ಳಬೇಕು.

ಅಂಟಿಸುವುದರಲ್ಲಿಯೂ ವಿಜ್ಞಾನವಿದೆ. ಅಂಟು ಮೇಲ್ಮೈಯ ಅಣುಗಳನ್ನು ಹತ್ತಿರದಿಂದ ಮುಟ್ಟಿದರೆ ಮಾತ್ರ ಹಿಡಿಯುತ್ತದೆ. ಧೂಳು, ಜಿಡ್ಡು ಇದ್ದರೆ ಅದು ಹಿಡಿಯುವುದು ಧೂಳನ್ನೇ. ಗಾಜು, ಉಕ್ಕುಗಳ ಮೇಲೆ ಚೆನ್ನಾಗಿ ಕೂರುತ್ತದೆ. ಪಾಲಿಥೀನಿನಂಥ ಮೇಣಗುಣದ ಪ್ಲಾಸ್ಟಿಕ್ಕಿನ ಮೇಲೆ ಎರಡು ದಿನಕ್ಕೆ ಮೂಲೆ ಏಳುತ್ತದೆ. ಮೊದಲು ಸ್ಪಿರಿಟ್ಟಿನಿಂದ ಒರಸಿ, ಒಣಗಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ, ನಡುವಿನಿಂದ ಅಂಚಿನೆಡೆಗೆ ಉಜ್ಜಿರಿ. ಒಂದು ದಿನ ನೀರು ಸೋಕಿಸಬೇಡಿರಿ. ಗೋಣಿಚೀಲಕ್ಕೂ ಮಗ್ಗದ ಮನೆಯ ನೂಲಿನ ಕಂಡಿಕೆಗೂ ಅಂಟುಪಟ್ಟಿ ನಿಲ್ಲದು. ರಟ್ಟಿನ ತುಂಡಿಗೆ ಅಂಟಿಸಿ ದಾರದಿಂದ ಕಟ್ಟಬೇಕು. ವಿದ್ಯುತ್ ತಂತಿಗೆ ಬಾವುಟದಂತೆ ಸುತ್ತಿ ಎರಡು ತುದಿಗಳನ್ನು ಒಂದಕ್ಕೊಂದು ಕೂಡಿಸುವುದು ವಾಡಿಕೆ. ಹೊಲದ ಮೋಟಾರಿನ ಪೆಟ್ಟಿಗೆಯಲ್ಲಿ ಇದರ ಬೆಲೆ ರಾತ್ರಿ ಹೊತ್ತು ತಿಳಿಯುತ್ತದೆ. ಯಂತ್ರವಿಲ್ಲದ ಶಾಲೆಗಳ ಪ್ರಯೋಗಶಾಲೆಯವರು ಕಾಗದದ ಚೀಟಿಗೆ ಇಂಡಿಯನ್ ಇಂಕಿನಿಂದ ಬರೆದು, ಅಂಟಿಸಿ, ಮೇಲೆ ಕರಗಿದ ಮೇಣ ಸವರಲಿ. ಆ ಶಾಯಿಯ ಕಪ್ಪು ಇಂಗಾಲ; ಅದು ಬಿಸಿಲಿಗೆ ಮಾಸುವುದಿಲ್ಲ. ಎರಡು ಪದರಗಳ ಪಟ್ಟಿಯ ಉಪಾಯವನ್ನು ನಮ್ಮ ಹಿರಿಯ ಅಧ್ಯಾಪಕರು ಹೀಗೆ ಮೇಣದಿಂದಲೇ ಸಾಧಿಸಿದ್ದರು.

ಈಗ ಗೂಡಿನ ನಾಲ್ಕನೆಯ ಬಾಟಲಿಗೆ ಬರೋಣ. ಅದಕ್ಕೆ ಯಂತ್ರದಿಂದ ಎಷ್ಟೇ ಅಂದವಾಗಿ ‘ಕಳೆನಾಶಕ’ ಎಂದು ಮುದ್ರಿಸಿ ಅಂಟಿಸಿದರೂ ಅದು ತಪ್ಪೇ. ಆ ದ್ರವ ನೀರಿನ ಬಾಟಲಿಯಲ್ಲಿ ಇರಲೇಬಾರದು. ಕೀಟನಾಶಕ, ಕಳೆನಾಶಕಗಳ ಮೂಲ ಡಬ್ಬಿಯ ಮೇಲೆ 1971ರ ಕೀಟನಾಶಕ ನಿಯಮಗಳಂತೆ ಓರೆಯಾಗಿ ನಿಲ್ಲಿಸಿದ ಒಂದು ಚೌಕವಿರುತ್ತದೆ. ಅದರ ಕೆಳಗಿನ ತ್ರಿಕೋಣದ ಬಣ್ಣ ಕೆಂಪಾದರೆ ಅತ್ಯುಗ್ರ ವಿಷ. ಆಮೇಲೆ ಹಳದಿ, ನೀಲಿ, ಹಸಿರು, ಉಗ್ರತೆ ಇಳಿಯುವ ಕ್ರಮದಲ್ಲಿ. ಹಸಿರೆಂದರೆ ನಿರಪಾಯವೆಂದಲ್ಲ. ವಿಷವೇರಿದಾಗ ಏನು ಮಾಡಬೇಕು, ಯಾವ ಪ್ರತಿವಿಷ ಎಂಬುದೂ ಆ ಚೀಟಿಯಲ್ಲಿಯೇ ಇರುತ್ತದೆ. ವೈದ್ಯರು ಮೊದಲು ಕೇಳುವುದು ಆ ಡಬ್ಬಿಯನ್ನೇ. ಆದುದರಿಂದ ಅದರ ಮೇಲೆ ನಮ್ಮ ಪಟ್ಟಿಯನ್ನು ಅಂಟಿಸಿ ಮುಚ್ಚಬಾರದು. ನಮ್ಮ ಯಂತ್ರದ ಕೆಲಸ ಅದನ್ನಿಡುವ ಬೀಗದ ಪೆಟ್ಟಿಗೆಯ ಮೇಲೆ: ಕೆಂಪು ಪಟ್ಟಿ, ದೊಡ್ಡ ಅಕ್ಷರ, ‘ವಿಷ’ ಎಂಬ ಒಂದೇ ಮಾತು. ಆ ಕೆಂಪು ಸುರುಳಿಯನ್ನು ಮನೆಯಲ್ಲಿ ಬೇರೆ ಯಾವುದಕ್ಕೂ, ಮೆಣಸಿನಪುಡಿಯ ಡಬ್ಬಿಗೆ ಸಹ, ಬಳಸಕೂಡದು. ಓದಲು ಬಾರದ ಮಗುವಿಗೆ ಬಣ್ಣವನ್ನು ಒಂದು ಸಂಜೆಯಲ್ಲಿ ಕಲಿಸಬಹುದು.